ಹಳೆಯ ಸಸ್ಯಪಟ್ಟಿಯ ಹೆಸರು ಬದಲಿಸುವ ಮುನ್ನ

ಭಟ್ಕಳದ ಗುಡ್ಡದ ಮರವೊಂದರ ಹಳೆಯ ದಾಖಲೆ ಬೇಕೆಂದರೆ ಬ್ರಿಟಿಷರ ಕಾಲದ ಬಾಂಬೆ ಪ್ರೆಸಿಡೆನ್ಸಿ ಪ್ರಾಂತ್ಯದ ಸಸ್ಯಗಳ ಪುಸ್ತಕ ತೆರೆಯಬೇಕು. ಅಲ್ಲಿಂದ ಸ್ವಲ್ಪ ತೆಂಕಿಗೆ, ಬೈಂದೂರಿನ ಕಾಡಿನಲ್ಲಿರುವ ಅದೇ ಜಾತಿಯ ಮರಕ್ಕೆ ಮದ್ರಾಸ್ ಪ್ರೆಸಿಡೆನ್ಸಿಯ ಪುಸ್ತಕ ಬೇಕು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಬಾಂಬೆಗೆ ಸೇರಿಸಿದರು. ಗಡಿ ಬದಲಾದದ್ದು ಆಡಳಿತಕ್ಕೆ. ಕಾಡು ಮೊದಲಿನಂತೆಯೇ ಇತ್ತು. ಆದರೆ ಕಾಡಿನ ಬಗ್ಗೆ ಬರೆದವರು ಗಡಿ ನೋಡಿಕೊಂಡೇ ಬರೆದರು. ಗಡಿಯ ಬಡಗು ಭಾಗಕ್ಕೆ 1901ರಿಂದ 1908ರವರೆಗೆ ಬಿಡಿಬಿಡಿಯಾಗಿ ಅಚ್ಚಾದ ಥಿಯೊಡೋರ್ ಕುಕ್ ಅವರ ಎರಡು ಸಂಪುಟ, ಮರಗಳಿಗೆಂದೇ 1909 ಮತ್ತು 1911ರಲ್ಲಿ ಬಂದ ಟಾಲ್ಬಟ್ ಅವರ ಎರಡು ಸಂಪುಟ. ತೆಂಕು ಭಾಗಕ್ಕೆ 1915ರಲ್ಲಿ ಶುರುವಾಗಿ 1936ರಲ್ಲಿ ಮುಗಿದ ಗ್ಯಾಂಬಲ್ ಅವರ ಗ್ರಂಥ. 1925ರಲ್ಲಿ ಅವರು ತೀರಿಕೊಂಡ ಮೇಲೆ ಉಳಿದದ್ದನ್ನು ಫಿಶರ್ ಪೂರೈಸಿದರು. ಇವೆಲ್ಲಕ್ಕೂ ಬೆನ್ನೆಲುಬು 1872ರಿಂದ 1897ರವರೆಗೆ ಏಳು ಸಂಪುಟಗಳಲ್ಲಿ ಬಂದ ಹೂಕರ್ ಅವರ ಬ್ರಿಟಿಷ್ ಇಂಡಿಯಾದ ಸಸ್ಯಸಂಪತ್ತು.

ನಮ್ಮ ಗ್ಯಾಸೆಟಿಯರ್‌ಗಳು, ಅರಣ್ಯ ಇಲಾಖೆಯ ಹಳೆಯ ವರ್ಕಿಂಗ್ ಪ್ಲಾನ್‌ಗಳು, ಆಯುರ್ವೇದದ ಸಸ್ಯಕೋಶಗಳು ಎಲ್ಲವೂ ಈ ಪುಸ್ತಕಗಳಿಂದಲೇ ಹೆಸರು ಎತ್ತಿಕೊಂಡವು. ಇವತ್ತು ಒಂದು ಕಾನಿನಲ್ಲೋ ದೇವರಕಾಡಿನಲ್ಲೋ ನೂರು ವರ್ಷದ ಹಿಂದೆ ಏನಿತ್ತು, ಈಗ ಏನಿದೆ ಎಂದು ಹೋಲಿಸಲು ಕೂತರೆ ಮೊದಲು ಎದುರಾಗುವುದು ಹೆಸರಿನ ಗೋಡೆ. ಹಳೆಯ ಪಟ್ಟಿಯಲ್ಲಿ ಅನೊಗೈಸಸ್ ಲ್ಯಾಟಿಫೋಲಿಯಾ ಇದೆ, ಹೊಸ ಪಟ್ಟಿಯಲ್ಲಿ ಟರ್ಮಿನೇಲಿಯಾ ಅನೊಗೈಸಿಯಾನಾ ಇದೆ. ಎರಡೂ ದಿಂಡಿಗವೇ. ಗೊತ್ತಿಲ್ಲದೆ ಹೋಲಿಸಿದರೆ ಒಂದು ಪ್ರಭೇದ ಅಳಿಯಿತು, ಇನ್ನೊಂದು ಹೊಸದಾಗಿ ಬಂತು ಎಂಬ ಲೆಕ್ಕ ಬರುತ್ತದೆ. ಎರಡು ಪಟ್ಟಿ ಕೂಡಿಸಿದರೆ ಒಂದೇ ಮರ ಎರಡು ಸಲ ಎಣಿಕೆಯಾಗುತ್ತದೆ. ಇದು ಒಂದು ದಿಕ್ಕಿನ ತಪ್ಪು. ಇನ್ನೊಂದು ದಿಕ್ಕಿನದು ಕಣ್ಣಿಗೇ ಬೀಳದು: ಹಳೆಯ ಒಂದು ಹೆಸರಿನ ಕೆಳಗೆ ಮೂರು ಪ್ರಭೇದಗಳು ಅಡಗಿರುತ್ತವೆ, ನಾವು ಒಂದೆಂದು ಎಣಿಸಿ ಮುಂದೆ ಹೋಗುತ್ತೇವೆ.

ಹೆಸರು ತಿದ್ದುವುದೆಂದರೆ ಹಳೆಯ ಪದ ತೆಗೆದು ಹೊಸ ಪದ ಕೂರಿಸುವುದು ಎಂದು ತುಂಬ ಜನ ತಿಳಿದಿದ್ದಾರೆ. ಅಷ್ಟೇ ಆಗಿದ್ದರೆ ಕಂಪ್ಯೂಟರ್ ಒಂದು ಗಳಿಗೆಯಲ್ಲಿ ಮುಗಿಸುತ್ತಿತ್ತು. ಆ ಹೆಸರು ಬರೆದವರ ಕೈಯಲ್ಲಿ ಯಾವ ಗಿಡ ಇತ್ತು ಎಂದು ಕಂಡುಕೊಳ್ಳುವುದೇ ನಿಜವಾದ ಕೆಲಸ. ಅದಾದ ಮೇಲೆ ಹೊಸ ಹೆಸರು ಹುಡುಕುವುದು ಸುಲಭ.

ಮೊದಲು ತಖ್ತೆ. ಸ್ಪ್ರೆಡ್‌ಶೀಟ್‌ನ ಮೊದಲ ಕಾಲಂನಲ್ಲಿ ಹಳೆಯ ಹೆಸರನ್ನು ಪುಸ್ತಕದಲ್ಲಿ ಹೇಗಿದೆಯೋ ಹಾಗೆ ಬರೆಯಿರಿ: ಕಾಗುಣಿತದ ತಪ್ಪು ಇದ್ದರೆ ತಪ್ಪಿನ ಸಮೇತ, ದೊಡ್ಡಕ್ಷರ ಇದ್ದರೆ ದೊಡ್ಡಕ್ಷರದ ಸಮೇತ. ಫಿಲಾಂಥಸ್ ನಿರೂರಿ, ಅಕೇಶಿಯಾ ಕಟೆಚು ಇಂಥ ಹೆಸರುಗಳ ಎರಡನೇ ಪದವನ್ನೂ ಆಗ ದೊಡ್ಡಕ್ಷರದಿಂದ ಶುರು ಮಾಡುತ್ತಿದ್ದರು. ಈಗ ಎರಡನೇ ಪದ ಯಾವಾಗಲೂ ಸಣ್ಣಕ್ಷರ. ಎರಡನೇ ಕಾಲಂ ಕರ್ತೃವಿನ, ಅಂದರೆ ಆ ಹೆಸರು ಇಟ್ಟವರ ಹೆಸರು. ಮೂರನೆಯದು ಪುಸ್ತಕ, ಸಂಪುಟ, ಪುಟ. ಆಮೇಲೆ ಅಲ್ಲಿ ಕೊಟ್ಟ ಕನ್ನಡ ಹೆಸರು, ಊರಿನ ಹೆಸರು, ಮಾದರಿ (ಒಣಗಿಸಿ ಇಟ್ಟ ಗಿಡ) ತಂದವರ ಹೆಸರು. ಇಷ್ಟು ಆದಮೇಲೆ ಇವತ್ತಿನ ಹೆಸರು, ಅದರ ಕರ್ತೃ, ಬದಲಾವಣೆ ಯಾವ ಬಗೆಯದು, ಎಲ್ಲಿ ನೋಡಿದ್ದು, ಯಾವ ತಾರೀಕಿಗೆ ನೋಡಿದ್ದು. ಮೊದಲ ಕಾಲಂ ಮೇಲೆ ಯಾವತ್ತೂ ಕೈಯಾಡಿಸಬಾರದು. ಹಳೆಯ ಹೆಸರಿನ ಮೇಲೇ ಹೊಸದನ್ನು ಬರೆದ ಪಟ್ಟಿಗಳು ಬೇಕಾದಷ್ಟಿವೆ. ಅವುಗಳಲ್ಲಿ ಒಂದು ತಪ್ಪು ಸೇರಿದರೆ ಅದನ್ನು ಹಿಡಿಯುವ ದಾರಿಯೇ ಉಳಿಯುವುದಿಲ್ಲ.

ಕರ್ತೃವಿನ ಹೆಸರು ಬಿಡುವುದು ಅತಿ ಸಾಮಾನ್ಯ ತಪ್ಪು. ಒಂದೇ ಜೋಡಿಪದವನ್ನು ಇಬ್ಬರು ಬೇರೆ ಬೇರೆ ಗಿಡಗಳಿಗೆ ಇಟ್ಟಿರುವುದುಂಟು. ಹಳೆಯ ಪುಸ್ತಕದ ‘ಲಿನ್’ ಈಗ ಬರೀ ‘ಎಲ್’, ಅಂದರೆ ಎರಡು ಪದದ ಹೆಸರಿನ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸ್. ‘ಎಲ್. ಎಫ್.’ ಎಂದರೆ ಅವನ ಮಗ. ಎಫ್ ಅಕ್ಷರ ಬಿದ್ದುಹೋದರೆ ಅಪ್ಪನ ಹೆಸರಿಗೆ ಮಗನ ಗಿಡ ಸೇರುತ್ತದೆ. ‘ಡಬ್ಲ್ಯೂ ಅಂಡ್ ಎ’ ಎಂದರೆ ವೈಟ್ ಮತ್ತು ಆರ್ನಟ್. ‘ಹ್ಯಾಮ್’ ಎಂದಿದ್ದರೆ 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಬುಕಾನನ್ ಹ್ಯಾಮಿಲ್ಟನ್. ‘ವಾಲ್’ ಎಂದರೆ ವಾಲಿಕ್. ಅವನು ಅಂಕಿ ಹಾಕಿ ಮಾಡಿದ ಮಾದರಿಗಳ ಪಟ್ಟಿಯ ಬಹಳಷ್ಟು ಹೆಸರುಗಳಿಗೆ ವರ್ಣನೆಯೇ ಇಲ್ಲ. ವರ್ಣನೆಯಿಲ್ಲದ ಹೆಸರು ನಿಯಮದ ಪ್ರಕಾರ ಪ್ರಕಟವಾದಂತೆಯೇ ಅಲ್ಲ. ಆಮೇಲೆ ಯಾರಾದರೂ ವರ್ಣಿಸಿ ಅದಕ್ಕೆ ಜೀವ ಕೊಟ್ಟಿದ್ದಾರೆಯೇ ಎಂದು ನೋಡಬೇಕು.

ಬದಲಾವಣೆಯ ಬಗೆ ಎಂದೆ. ಅದರಲ್ಲಿ ಎಲ್ಲಕ್ಕಿಂತ ಸರಳವಾದದ್ದು, ಗಿಡ ಒಂದೇ, ಹೆಸರು ಮಾತ್ರ ಬೇರೆ ಆಗಿರುವುದು. ನೇರಳೆಗೆ ಹೂಕರ್, ಕುಕ್ ಇಬ್ಬರಲ್ಲೂ ಯುಜೀನಿಯಾ ಜಂಬೋಲಾನಾ ಎಂದಿದೆ. ಲಿನೇಯಸ್ 1753ರಲ್ಲೇ ಇದನ್ನು ಮಿರ್ಟಸ್ ಕ್ಯುಮಿನಿ ಎಂದು ಕರೆದಿದ್ದ. ಸಸ್ಯನಾಮಗಳ ಲೆಕ್ಕ ಶುರುವಾಗುವುದೇ 1753ರ ಮೇ 1ರಿಂದ, ಮೊದಲು ಬಂದ ಹೆಸರಿಗೆ ಮೊದಲ ಹಕ್ಕು. ಆದ್ದರಿಂದ ಕುಲ (ಹೆಸರಿನ ಮೊದಲ ಪದ) ಬದಲಾದಾಗ ‘ಕ್ಯುಮಿನಿ’ ಜೊತೆಗೇ ಬಂತು. 1912ರಲ್ಲಿ ಸ್ಕೀಲ್ಸ್ ಅದನ್ನು ಸಿಜಿಜಿಯಂ ಕ್ಯುಮಿನಿ ಮಾಡಿದ. ಇವತ್ತು ‘ಸಿಜಿಜಿಯಂ ಕ್ಯುಮಿನಿ (ಎಲ್.) ಸ್ಕೀಲ್ಸ್’ ಎಂದು ಬರೆಯುವಾಗ ಕಂಸದೊಳಗಿನವನು ಎರಡನೇ ಪದ ಕೊಟ್ಟವನು, ಹೊರಗಿನವನು ಅದನ್ನು ಹೊಸ ಕುಲಕ್ಕೆ ತಂದವನು. ಕಂಸವನ್ನು ಅಲಂಕಾರವೆಂದು ಬಿಟ್ಟುಬಿಡಬೇಡಿ, ಹೆಸರಿನ ಇತಿಹಾಸವೆಲ್ಲ ಅದರಲ್ಲೇ ಇದೆ.

ಈ ಬಗೆಯಲ್ಲಿ ನನಗೆ ತುಂಬ ಪ್ರಿಯವಾದದ್ದು ಸುರಗಿ. ಹಳೆಯ ಪುಸ್ತಕಗಳಲ್ಲಿ ಅದು ಆಕ್ರೊಕಾರ್ಪಸ್ ಲಾಂಜಿಫೋಲಿಯಸ್. ‘ಲಾಂಜಿಫೋಲಿಯಸ್’ ಎಂಬ ಪದ ವೈಟ್ ಕೊಟ್ಟದ್ದು. ಆದರೆ ಬುಕಾನನ್ ಹ್ಯಾಮಿಲ್ಟನ್ ಇಟ್ಟ ಹೆಸರನ್ನು ರಾಕ್ಸ್‌ಬರೋ ಎಂಬ ಸಸ್ಯವಿಜ್ಞಾನಿಯ ಗ್ರಂಥ ಅದಕ್ಕೂ ಮೊದಲೇ ಅಚ್ಚು ಮಾಡಿತ್ತು: ಕ್ಯಾಲೊಫಿಲಂ ಸುರಿಗಾ. ಕುಲ ಮಾಮಿಯಾ ಎಂದು ತೀರ್ಮಾನವಾದಾಗ ಹಳೆಯ ಪದಕ್ಕೇ ಹಕ್ಕು ಸಿಕ್ಕಿತು. ಇವತ್ತಿನ ಹೆಸರು ಮಾಮಿಯಾ ಸುರಿಗಾ. ಕರಾವಳಿಯ ಹೆಣ್ಣುಮಕ್ಕಳು ಒಣಗಿದ ಮೇಲೂ ಮುಡಿಯುವ ಹೂವಿನ ಹೆಸರು ಹಾಗೆಯೇ ಲ್ಯಾಟಿನ್ನಿನಲ್ಲಿ ಉಳಿದುಕೊಂಡಿತು.

ಕಿರಾಲುಬೋಗಿ ಮರದ ಹೆಸರಿನ ಬೇರು ಇನ್ನೂ ಆಳಕ್ಕೆ, 17ನೇ ಶತಮಾನಕ್ಕೆ ಹೋಗುತ್ತದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳ ‘ಹಾರ್ಟಸ್ ಮಲಬಾರಿಕಸ್’ ಅಚ್ಚು ಹಾಕಿಸಿದ. ಗಿಡಗಳ ಹೆಸರು, ಗುಣ ಹೇಳಿದವರು ಇಟ್ಟಿ ಅಚ್ಯುತನ್ ವೈದ್ಯರು. ಜೊತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ಬ್ರಾಹ್ಮಣರು. ಅದರಲ್ಲಿ ‘ಪೊಂಗ’ ಎಂಬ ಮರದ ಚಿತ್ರವಿದೆ. 1818ರಲ್ಲಿ ಜರ್ಮನಿಯ ಡೆನ್‌ಸ್ಟೆಟ್ ಆ ಚಿತ್ರ ನೋಡಿ, ಇದು ಹಲಸಿನ ಬಳಗದ್ದೆಂದು ಭಾವಿಸಿ ಆರ್ಟೊಕಾರ್ಪಸ್ ಪೊಂಗಾ ಎಂದ. ಬಳಗ ಗುರುತಿಸಿದ್ದು ತಪ್ಪು. ಆದರೂ ಹೆಸರು ನಿಯಮಬದ್ಧವಾಗಿ ಪ್ರಕಟವಾಗಿತ್ತು, ನಂತರದ ಹೋಪಿಯಾ ವೈಟಿಯಾನಾಕ್ಕಿಂತ ಹಳೆಯದಾಗಿತ್ತು. ಹೀಗಾಗಿ ಇಂದು ಹೋಪಿಯಾ ಪೊಂಗಾ. ರೀಡ್ ಗ್ರಂಥದ ಗಿಡಗಳ ಒಣಮಾದರಿಗಳು ನಮಗೆ ಉಳಿದಿಲ್ಲ. ಅದರ ಆಧಾರದ ಮೇಲೆ ನಿಂತ ಎಷ್ಟೋ ಹೆಸರುಗಳಿಗೆ ಆ ಚಿತ್ರವೇ ಕೊನೆಯ ಸಾಕ್ಷಿ. ಉಪ್ಪಾಗೆಯನ್ನೂ ಲಿನೇಯಸ್ ಅದೇ ಗ್ರಂಥದ ಕೊಡಂಪುಳಿಯ ಚಿತ್ರ ಉಲ್ಲೇಖಿಸಿಯೇ ‘ಗಮ್ಮಿ-ಗುಟ್ಟಾ’ ಎಂದು ಕರೆದದ್ದು. ಈಗ ಅದು ಗಾರ್ಸಿನಿಯಾ ಗಮ್ಮಿ-ಗುಟ್ಟಾ. ವ್ಯಾಪಾರದ ಡಬ್ಬಿಗಳ ಮೇಲೆ ಮಾತ್ರ ಇನ್ನೂ ಗಾರ್ಸಿನಿಯಾ ಕಂಬೋಜಿಯಾ. ಉಪ್ಪಾಗೆ ಬಗ್ಗೆ ಸಂಶೋಧನೆ ಹುಡುಕುವವರು ಎರಡೂ ಹೆಸರಿನಲ್ಲಿ ಹುಡುಕಲೇಬೇಕು.

ಕೆಲವೊಮ್ಮೆ ಹಳೆಯ ಎರಡನೇ ಪದವನ್ನು ಹೊಸ ಕುಲಕ್ಕೆ ತರಲು ಆಗುವುದೇ ಇಲ್ಲ. ದಿಂಡಿಗದ ಗತಿ ಅದೇ. ಅನೊಗೈಸಸ್ ಕುಲವನ್ನು ಟರ್ಮಿನೇಲಿಯಾಕ್ಕೆ ಸೇರಿಸಿದಾಗ ಟರ್ಮಿನೇಲಿಯಾ ಲ್ಯಾಟಿಫೋಲಿಯಾ ಆಗಬೇಕಿತ್ತು. ಆ ಹೆಸರು ಜಮೈಕಾದ ಬೇರೊಂದು ಮರಕ್ಕೆ 18ನೇ ಶತಮಾನದಲ್ಲೇ ಹೋಗಿತ್ತು. ಆದ್ದರಿಂದ 2017ರಲ್ಲಿ ಹೊಸ ಪದ ಹುಟ್ಟಿಸಿ ‘ಅನೊಗೈಸಿಯಾನಾ’ ಎಂದರು. ಕುಲ ಮಾತ್ರ ಬದಲಿಸಿ ಎರಡನೇ ಪದ ಹಾಗೇ ಇಟ್ಟುಕೊಂಡವರ ಪಟ್ಟಿಯಲ್ಲಿ ದಿಂಡಿಗ ಇದ್ದಲ್ಲಿ ಜಮೈಕಾದ ಮರ ಬಂದು ಕೂತಿರುತ್ತದೆ.

ಪದದ ಕೊನೆಯನ್ನೂ ಗಮನಿಸಿ. ಕಮ್ಯುನಿಸ್ಟ್ ಗಿಡ ಯುಪಟೋರಿಯಂ ಒಡೊರಾಟಂ ಆಗಿದ್ದದ್ದು ಕ್ರೊಮೊಲೀನಾ ಒಡೊರಾಟಾ ಆಯಿತು. ರಸ್ತೆಬದಿಯ ಕಂಬದಂಥ ಅಶೋಕ ಪಾಲಿಆಲ್ತಿಯಾ ಲಾಂಜಿಫೋಲಿಯಾದಿಂದ 2012ರಲ್ಲಿ ಮೊನೂನ್ ಲಾಂಜಿಫೋಲಿಯಂ ಆಯಿತು. ಕುಲದ ಲಿಂಗ ಬದಲಾದರೆ ಎರಡನೇ ಪದದ ಕೊನೆಯೂ ಬದಲಾಗಬೇಕು. ಕಾಗುಣಿತದ ಇನ್ನೊಂದು ಗುಂಡಿ ನಮ್ಮ ಕೆನರಾದ್ದೇ. ಹೋಪಿಯಾ ಕೆನರೆನ್ಸಿಸ್, ಜಿಮ್ನಾಕ್ರಾಂತೆರಾ ಕೆನರಿಕಾ ಇವೆಲ್ಲ ಕೆನರಾ ಜಿಲ್ಲೆಯ ಹೆಸರು ಹೊತ್ತವು. ಒಂದು ‘ಐ’ ಹೆಚ್ಚಾಗಿ ‘ಕೆನರಿಯೆನ್ಸಿಸ್’ ಆದರೆ ಅದು ಅಟ್ಲಾಂಟಿಕ್ ಸಾಗರದ ಕ್ಯಾನರಿ ದ್ವೀಪಗಳ ಗಿಡ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹುಡುಕಿದರೆ ಸಿಗುವಂಥದು. ನಿಜವಾದ ಅಪಾಯ ಇರುವುದು ಎರಡನೇ ಬಗೆಯಲ್ಲಿ, ಬದಲಾಗದ ಹೆಸರುಗಳಲ್ಲಿ.

ಅಶೋಕವನ್ನೇ ನೋಡಿ. ಸೀತೆಯ ಅಶೋಕ, ಕೆಂಪು ಕಿತ್ತಳೆ ಗೊಂಚಲಿನದು. ಹೂಕರ್, ಕುಕ್ ಇಬ್ಬರೂ ಸರಾಕಾ ಇಂಡಿಕಾ ಎಂದು, ಕರ್ತೃ ಲಿನೇಯಸ್ ಎಂದು ಬರೆದಿದ್ದಾರೆ. ಈ ಹೆಸರನ್ನು ಯಾವ ಜಾಲತಾಣದಲ್ಲಿ ಹಾಕಿದರೂ ‘ಮಾನ್ಯ’ ಎಂದೇ ಉತ್ತರ ಬರುತ್ತದೆ. ತಪ್ಪು ಅಂತ ಯಾರೂ ಎಚ್ಚರಿಸುವುದಿಲ್ಲ. ಆದರೆ ಲಿನೇಯಸ್ಸನ ಸರಾಕಾ ಇಂಡಿಕಾ ಆಗ್ನೇಯ ಏಷ್ಯಾದ ಮರ. ನಮ್ಮದು ರಾಕ್ಸ್‌ಬರೋ ಜೊನೇಸಿಯಾ ಅಸೋಕಾ ಎಂದು ಹೆಸರಿಟ್ಟದ್ದು. 1968ರಲ್ಲಿ ಡಿ ವಿಲ್ಡೆ ಅದನ್ನು ಸರಾಕಾ ಅಸೋಕಾ ಎಂದು ಸರಿಪಡಿಸಿದರು. ಇದನ್ನು ಪರ್ಯಾಯನಾಮ ಎನ್ನಬಾರದು; ಬೇರೆ ಮರದ ಹೆಸರನ್ನು ನಮ್ಮ ಮರಕ್ಕೆ ತಪ್ಪಾಗಿ ಅಂಟಿಸಿದ್ದು. ತಖ್ತೆಯಲ್ಲಿ ಇದಕ್ಕೆ ಬೇರೆ ಗುರುತು ಬೇಕು. ಗ್ರಂಥಗಳಲ್ಲಿ ಇಂಥ ಕಡೆ ‘ಆಕ್ಟ್. ನಾನ್ ಎಲ್.’ ಎಂದಿರುತ್ತದೆ: ಲೇಖಕರು ಹೀಗೆ ಬಳಸಿದ್ದಾರೆ, ಲಿನೇಯಸ್ ಹೇಳಿದ ಗಿಡ ಇದಲ್ಲ. ಭಾರತದ ಹಳೆಯ ವೈದ್ಯಕೀಯ ಬರಹಗಳಲ್ಲಿ ಕಾಡಿನ ಅಶೋಕಕ್ಕೆ ಸರಾಕಾ ಇಂಡಿಕಾ ಎಂದಿದ್ದರೆ ಅದು ಅಸೋಕಾವೇ ಎಂದು ಊಹಿಸಬಹುದು. ತೊಗಟೆಯ ವ್ಯಾಪಾರದ ದಾಖಲೆಯಾದರೆ ಹಾಗೆ ಊಹಿಸಬೇಡಿ. ಅಲ್ಲಿ ‘ಅಶೋಕ’ ಎಂದರೆ ಮೊನೂನ್ ಕೂಡ ಆಗಿರಬಹುದು. ಅಸೋಕಾ ವಿನಾಶದ ಅಂಚಿನತ್ತ ಸರಿಯುತ್ತಿರುವ ಪ್ರಭೇದವಾಗಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯಲ್ಲಿದೆ. ಪಟ್ಟಿಯಲ್ಲಿ ಇಂಡಿಕಾ ಎಂದೇ ಬಿಟ್ಟರೆ ಆ ಊರಿನ ಕಾಡಿಗೆ ಸಿಗಬೇಕಾದ ಗಮನ ಸಿಗುವುದಿಲ್ಲ.

ನೆಲನೆಲ್ಲಿಯದು ಇದಕ್ಕಿಂತ ತೊಡಕಿನದು. ಹಳೆಯ ಪುಸ್ತಕಗಳಲ್ಲೆಲ್ಲ ಫಿಲಾಂಥಸ್ ನಿರೂರಿ. ಇದೂ ಇವತ್ತಿಗೆ ಮಾನ್ಯ ಹೆಸರೇ, ಆದರೆ ಅಮೆರಿಕ ಖಂಡದ ಗಿಡದ್ದು. 1950ರ ದಶಕದಲ್ಲಿ ವೆಬ್‌ಸ್ಟರ್ ಇದನ್ನು ಬಿಡಿಸಿದ ಮೇಲೆ, ನಮ್ಮ ನಿರೂರಿ ಎಂಬುದರ ಕೆಳಗೆ ಕನಿಷ್ಠ ಮೂರು ಗಿಡಗಳಿದ್ದವು ಎಂದು ತಿಳಿಯಿತು: ಫಿಲಾಂಥಸ್ ಅಮಾರಸ್, ಫಿಲಾಂಥಸ್ ಫ್ರಾಟರ್ನಸ್, ಫಿಲಾಂಥಸ್ ಡೆಬಿಲಿಸ್. ಪುಸ್ತಕ ನೋಡಿ ಇದನ್ನು ಬಿಡಿಸಲು ಆಗದು. ಮಾದರಿ ಬೇಕು, 10 ಪಟ್ಟು ಹಿಗ್ಗಿಸುವ ಮಸೂರ ಬೇಕು. ಗಿಡದ ಕಡ್ಡಿಯನ್ನು ಮಗುಚಿ ಎಲೆಗಳ ಅಡಿಯ ಕಾಯಿ ನೋಡಿ. ತೊಟ್ಟು ಸೇರುವ ಕಡೆ, ಕಾಯಿಯ ಬುಡದಲ್ಲಿ ಸಣ್ಣ ಎಸಳುಗಳು ಉಳಿದಿರುತ್ತವೆ. ಐದು ಇದ್ದರೆ ಅಮಾರಸ್ ಕಡೆ ನಡೆಯಿರಿ, ಆರಾದರೆ ಫ್ರಾಟರ್ನಸ್ ಅಥವಾ ಡೆಬಿಲಿಸ್. ಒಂದೇ ಕಾಯಿ ಎಣಿಸಿ ತೀರ್ಮಾನಿಸಬೇಡಿ, ಒಂದು ಎಸಳು ಉದುರಿರಬಹುದು. ಹತ್ತು ಕಾಯಿ ಎಣಿಸಿ. ಅಮಾರಸ್‌ನಲ್ಲಿ ಒಂದು ಗಂಡುಹೂ, ಒಂದು ಹೆಣ್ಣುಹೂ ಒಂದೇ ಎಲೆಯ ಕಂಕುಳಲ್ಲಿ ಜೋಡಿಯಾಗಿ ಸಿಗುತ್ತವೆ. ಕಾಯಿಗೆ ತೊಟ್ಟೇ ಇಲ್ಲದಂತಿದ್ದು ಮೈ ಒರಟಾಗಿದ್ದರೆ, ಗಿಡಕ್ಕೆ ಕೆಂಪು ಛಾಯೆ ಇದ್ದರೆ ಅದು ಈ ಮೂರೂ ಅಲ್ಲ, ಫಿಲಾಂಥಸ್ ಯುರಿನೇರಿಯಾ. ಖಾತ್ರಿಗೆ ಬೀಜ ನೋಡಬಹುದು: ಅಮಾರಸ್ ಬೀಜದ ಬೆನ್ನ ಮೇಲೆ ಉದ್ದುದ್ದ ಗೀರುಗಳು, ಯುರಿನೇರಿಯಾದ್ದರಲ್ಲಿ ಅಡ್ಡಗೀರುಗಳು. ಕಾಮಾಲೆಗೆ ಕೊಡುವ ಮದ್ದಿನ ಗಿಡ ಇದು. ಯಾವುದನ್ನು ಕಿತ್ತರು ಎಂಬುದು ಬರೀ ಹೆಸರಿನ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಮಾದರಿ ಸಿಗದಿದ್ದರೆ ತಖ್ತೆಯಲ್ಲಿ ‘ಫಿಲಾಂಥಸ್ ನಿರೂರಿ ಎಂದು ದಾಖಲು, ಅಮಾರಸ್ ಬಳಗ, ಪ್ರಭೇದ ತೀರ್ಮಾನವಾಗಿಲ್ಲ’ ಎಂದೇ ಬರೆಯಿರಿ. ಅಮಾರಸ್ ಹೆಚ್ಚು ಸಾಮಾನ್ಯ, ಅದೇ ಇರಬೇಕು ಎಂದು ತುಂಬಿಸುವ ಆಸೆ ಬರುತ್ತದೆ. ಹಾಗೆ ತುಂಬಿಸಿದ ಒಂದು ಸಾಲು ಹತ್ತು ಪಟ್ಟಿಗಳಿಗೆ ನಕಲಾಗಿ ಕೊನೆಗೆ ಸಾಕ್ಷಿಯಾಗಿಬಿಡುತ್ತದೆ. ಕಾಡು ದಾಲ್ಚಿನ್ನಿಯಲ್ಲೂ ಇದೇ ತೊಂದರೆ. ಹಳೆಯ ಪಟ್ಟಿಯ ಸಿನಮೋಮಂ ಝೈಲಾನಿಕಂ ಅನ್ನು ತಂತ್ರಾಂಶ ಕಣ್ಣುಮುಚ್ಚಿ ಸಿನಮೋಮಂ ವೇರಂ ಮಾಡುತ್ತದೆ. ಘಟ್ಟದ ಕಾಡಿನಲ್ಲಿ ಅವರು ಕಂಡದ್ದು ಸಿನಮೋಮಂ ಮಲಬಾಟ್ರಂ ಆಗಿರಬಹುದು.

ಮೂರನೇ ಬಗೆ, ಅಭಿಪ್ರಾಯ ಬದಲಾಗುವುದು. ಗುರಿಗೆ, ಕಾರ್ವಿ ಗಿಡಗಳ ಸ್ಟ್ರೊಬಿಲಾಂಥಿಸ್ ಕುಲವನ್ನು 1944ರಲ್ಲಿ ಬ್ರೆಮೆಕಾಂಪ್ ಹತ್ತಾರು ಕುಲಗಳಾಗಿ ಒಡೆದರು. ಕಾರ್ವಿ ಆಗ ಕಾರ್ವಿಯಾ ಕ್ಯಾಲೋಸಾ ಆಯಿತು. ಈಗ ಒಡೆದದ್ದೆಲ್ಲ ಮತ್ತೆ ಕೂಡಿ ಸ್ಟ್ರೊಬಿಲಾಂಥಿಸ್ ಕ್ಯಾಲೋಸಾ ಎಂದಾಗಿದೆ. ಹೀಗಾಗಿ ಹೂಕರ್ ಪುಸ್ತಕದ ಹೆಸರು ಇವತ್ತಿನದಕ್ಕೆ ಹೊಂದುತ್ತದೆ, ನಡುವಿನ ದಶಕಗಳ ಜಿಲ್ಲಾ ಸಸ್ಯಗ್ರಂಥಗಳು ಹೊಂದುವುದಿಲ್ಲ. ಹೊಂಗೆಯೂ ಹೀಗೇ ಊರು ಸುತ್ತಿ ಮನೆಗೆ ಬಂದದ್ದು: ಪೊಂಗಾಮಿಯಾ ಗ್ಲಾಬ್ರಾ, ಪೊಂಗಾಮಿಯಾ ಪಿನ್ನಾಟಾ, ಡೆರ್ರಿಸ್ ಇಂಡಿಕಾ, ಮಿಲ್ಲೆಟಿಯಾ ಪಿನ್ನಾಟಾ, ಮತ್ತೆ ಪೊಂಗಾಮಿಯಾ ಪಿನ್ನಾಟಾ. ಮತ್ತಿಯನ್ನು ಟರ್ಮಿನೇಲಿಯಾದ ಟೊಮೆಂಟೋಸಾ, ಅಲಾಟಾ, ಕ್ರೆನುಲಾಟಾ, ಎಲಿಪ್ಟಿಕಾ ಎಂಬ ನಾಲ್ಕು ಹೆಸರಲ್ಲೂ ಕಾಣುತ್ತೀರಿ.

ಜಾಲಿಯ ಬದಲಾವಣೆ ಮತದಾನದಿಂದ ಆದದ್ದು. ಅಕೇಶಿಯಾ ಕುಲವನ್ನು ಒಡೆಯಲೇಬೇಕಾದಾಗ ಹಳೆಯ ಹೆಸರು ಯಾರಿಗೆ ಎಂಬ ಪ್ರಶ್ನೆ ಬಂತು. 2005ರಲ್ಲಿ ವಿಯೆನ್ನಾದ ಸಸ್ಯವಿಜ್ಞಾನ ಮಹಾಸಮ್ಮೇಳನ ಅದನ್ನು ಆಸ್ಟ್ರೇಲಿಯಾದ ಗುಂಪಿಗೆ ಕೊಟ್ಟಿತು, 2011ರಲ್ಲಿ ಮೆಲ್ಬರ್ನ್ ಅದನ್ನೇ ಎತ್ತಿಹಿಡಿಯಿತು. ಕರಿಜಾಲಿ ವಾಚೆಲಿಯಾ ನಿಲೋಟಿಕಾ ಆಯಿತು, ಕಗ್ಗಲಿ ಸೆನೆಗಾಲಿಯಾ ಕಟೆಚು, ಸೀಗೆ ಸೆನೆಗಾಲಿಯಾ ರುಗಾಟಾ. ನೆಡುತೋಪಿನ ಆಸ್ಟ್ರೇಲಿಯಾದ ಅಕೇಶಿಯಾ ಆರಿಕ್ಯುಲಿಫಾರ್ಮಿಸ್ ಮಾತ್ರ ಅಕೇಶಿಯಾ ಆಗಿಯೇ ಉಳಿಯಿತು. ಆದ್ದರಿಂದ ಒಂದು ಪಟ್ಟಿಯಲ್ಲಿ ‘ಅಕೇಶಿಯಾ, ಪ್ರಭೇದ ಗೊತ್ತಿಲ್ಲ’ ಎಂದಿದ್ದರೆ ಆ ಪಟ್ಟಿ ಯಾವ ವರ್ಷದ್ದು ಎಂದು ಮೊದಲು ಕೇಳಬೇಕು. 2022ರಲ್ಲಿ ಪ್ರೊಸೊಪಿಸ್ ಕೂಡ ಒಡೆಯಿತು. ಬಳ್ಳಾರಿ ಜಾಲಿ ಈಗ ನೆಲ್ಟುಮಾ ಜೂಲಿಫ್ಲೋರಾ. ದಸರೆಗೆ ಪೂಜಿಸುವ ಬನ್ನಿ, ಹಳೆಯ ಪುಸ್ತಕದ ಪ್ರೊಸೊಪಿಸ್ ಸ್ಪೈಸಿಜೆರಾ, ಪ್ರೊಸೊಪಿಸ್ ಸಿನೆರಾರಿಯಾ ಆಗಿಯೇ ಇದೆ. ಕುಲದ ಹೆಸರನ್ನು ಒಟ್ಟಿಗೇ ಬದಲಿಸುವ ಆಜ್ಞೆಯನ್ನು ಕಂಪ್ಯೂಟರಿಗೆ ಕೊಡಬಾರದು ಎನ್ನುವುದು ಇದಕ್ಕೇ.

ಕುಟುಂಬಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಕ್ಕದ ಕುಟುಂಬ ಕಣಗಿಲೆಯ ಕುಟುಂಬದೊಳಗೆ ಸೇರಿತು, ಬೂರುಗ ದಾಸವಾಳದ ಕುಟುಂಬಕ್ಕೆ, ತೇಗ ತುಳಸಿಯ ಕುಟುಂಬಕ್ಕೆ ಹೋದವು. ಹೂಬಿಡುವ ಸಸ್ಯಗಳ ಕುಟುಂಬಗಳನ್ನು ಹೊಸದಾಗಿ ಜೋಡಿಸಿದ ಎಪಿಜಿ ಎಂಬ ವಿಜ್ಞಾನಿಗಳ ಗುಂಪಿನ 2016ರ ನಾಲ್ಕನೇ ಪಟ್ಟಿ ಇಟ್ಟುಕೊಂಡರೆ ಸಾಕು.

ಒಣಗಿಡಗಳ ಹಾಳೆಗಳನ್ನು ಕಾದಿಡುವ ಹರ್ಬೇರಿಯಂನಲ್ಲಿ ಮಾತ್ರ ಹಳೆಯ ಕುಟುಂಬವೇ ಬೇಕು. ನಮ್ಮ ದೇಶದ ಹಳೆಯ ಹರ್ಬೇರಿಯಂಗಳ ಕಪಾಟುಗಳು ಸಾಮಾನ್ಯವಾಗಿ 19ನೇ ಶತಮಾನದ ಬೆಂಥಾಮ್ ಮತ್ತು ಹೂಕರ್ ವರ್ಗೀಕರಣದ ಕ್ರಮದಲ್ಲೇ ಜೋಡಿಸಿದವು. ಕೊಯಮತ್ತೂರಿನ ಮದ್ರಾಸ್ ಹರ್ಬೇರಿಯಂ, ಪುಣೆಯ ಸಸ್ಯಸರ್ವೇಕ್ಷಣ ಕಚೇರಿ, ಮುಂಬಯಿಯ ಬ್ಲಾಟರ್ ಹರ್ಬೇರಿಯಂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಗ್ರಹ, ಎಲ್ಲಿಗೆ ಹೋಗುವುದಾದರೂ ಒಂದು ಪ್ರಭೇದದ ಹಳೆಯ ಹೆಸರುಗಳನ್ನೆಲ್ಲ ಬರೆದುಕೊಂಡು ಹೋಗಿ. ಹೊಸ ಹೆಸರಿನ ಫೋಲ್ಡರ್ ಅಲ್ಲಿ ಇಲ್ಲದಿರಬಹುದು. ಹಾಳೆ ಇಲ್ಲವೆಂದು ವಾಪಸು ಬಂದರೆ ಅದು ಪಕ್ಕದ ಕಪಾಟಿನಲ್ಲೇ ಇರುತ್ತದೆ.

ಹಾಳೆ ಸಿಕ್ಕ ಮೇಲೆ ಚೀಟಿ ಓದಬೇಕು. ಊರಿನ ಹೆಸರುಗಳನ್ನೂ ಹೊಸದಾಗಿ ಗುರುತಿಸಬೇಕು: ಮರ್ಕಾರಾ ಎಂದರೆ ಮಡಿಕೇರಿ, ಗೆರ್ಸೊಪ್ಪಾ ಎಂದರೆ ಗೇರುಸೊಪ್ಪ, ಬಾಬಾಬೂಡನ್ ಎಂದರೆ ಬಾಬಾಬುಡನ್‌ಗಿರಿ. ಸೂಪಾ ಎಂದಿದ್ದರೆ ನಕಾಶೆಯಲ್ಲಿ ಹುಡುಕುವ ಹಳೆಯ ಪೇಟೆ ಈಗ ಕಾಳಿ ಜಲಾಶಯದ ನೀರಿನಡಿ ಇದೆ. ಅಕ್ಷಾಂಶ ರೇಖಾಂಶ ಹಾಕುವಾಗ ಇದು ನೆನಪಿರಲಿ. 19ನೇ ಶತಮಾನದ ನಡುವಿನ ಅಚ್ಚಿನ ಚೀಟಿಗಳಲ್ಲಿ ‘ಮಲಬಾರ್, ಕೊಂಕಣ ಇತ್ಯಾದಿ; ಸ್ಟಾಕ್ಸ್, ಲಾ ಮುಂತಾದವರು’ ಎಂದೋ ‘ಮೈಸೂರು ಮತ್ತು ಕರ್ನಾಟಿಕ್’ ಎಂದೋ ಇಷ್ಟೇ ಇರುತ್ತದೆ. ಇಂಥ ಹಾಳೆಯನ್ನು ಯಾವ ಜಿಲ್ಲೆಯ ಲೆಕ್ಕಕ್ಕೂ ಹಾಕಬೇಡಿ. ಗಿಡದ ಗುರುತಿಗೆ ಅದು ಒಳ್ಳೆಯ ಸಾಕ್ಷಿ, ಸ್ಥಳಕ್ಕೆ ಸಾಕ್ಷಿಯಾಗುವುದಿಲ್ಲ.

ಗುರುತು ಬೇರೆ ಎಂದು ಖಚಿತವಾದರೆ ಹರ್ಬೇರಿಯಂನವರ ಒಪ್ಪಿಗೆ ಪಡೆದು ಒಂದು ಸಣ್ಣ ನಿರ್ಧಾರಚೀಟಿ ಅಂಟಿಸಬೇಕು: ಹೊಸ ಹೆಸರು, ಕರ್ತೃ, ನೋಡಿದವರ ಹೆಸರು, ವರ್ಷ. ಹಳೆಯ ಚೀಟಿ ಕೀಳಬಾರದು, ಅದರ ಮೇಲೆ ಗೀಚಬಾರದು, ಅದನ್ನು ಮುಚ್ಚುವಂತೆಯೂ ಅಂಟಿಸಬಾರದು. ಒಂದು ಹಾಳೆಯಲ್ಲಿ ನಾಲ್ಕು ಜನರ ನಾಲ್ಕು ಚೀಟಿ ಇದ್ದರೆ ಅದೇ ಆ ಗಿಡದ ಬಗೆಗಿನ ತಿಳಿವು ಬೆಳೆದ ದಾರಿ.

ಜಾಲತಾಣಗಳನ್ನು ನೋಡುವುದಕ್ಕೂ ಒಂದು ಕ್ರಮವಿದೆ. ಮೊದಲು ಇಂಟರ್‌ನ್ಯಾಷನಲ್ ಪ್ಲಾಂಟ್ ನೇಮ್ಸ್ ಇಂಡೆಕ್ಸ್. ಹೆಸರನ್ನು ಯಾರು, ಎಲ್ಲಿ, ಯಾವಾಗ ಪ್ರಕಟಿಸಿದರು ಎಂಬುದಷ್ಟೇ ಅದರ ಕೆಲಸ. ಹೆಸರು ಈಗ ಚಲಾವಣೆಯಲ್ಲಿದೆಯೇ ಎಂಬ ತೀರ್ಪನ್ನು ಅಲ್ಲಿ ಹುಡುಕಬೇಡಿ. ತೀರ್ಪಿಗೆ ಲಂಡನ್ನಿನ ಕ್ಯೂ ಸಸ್ಯತೋಟದವರ ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್ ನೋಡಿ. ಅಲ್ಲಿ ಹೆಸರಿನ ಜೊತೆಗೆ ಗಿಡ ಯಾವ ದೇಶಗಳಲ್ಲಿ ಸಹಜವಾಗಿ ಬೆಳೆಯುತ್ತದೆ ಎಂಬ ನಕಾಶೆಯೂ ಇದೆ. ನನ್ನ ಮಟ್ಟಿಗೆ ಆ ನಕಾಶೆಯೇ ಅತ್ಯುತ್ತಮ ಎಚ್ಚರಿಕೆ ಗಂಟೆ: ಹೆಸರು ‘ಮಾನ್ಯ’ ಎಂದು ಬಂದು, ನಕಾಶೆಯಲ್ಲಿ ಭಾರತ ಇಲ್ಲದಿದ್ದರೆ ಅಲ್ಲೇ ನಿಲ್ಲಿ. ಸರಾಕಾ ಇಂಡಿಕಾ, ಫಿಲಾಂಥಸ್ ನಿರೂರಿ ಎರಡೂ ಈ ಒಂದು ನೋಟಕ್ಕೆ ಸಿಕ್ಕಿಬೀಳುತ್ತವೆ. ಮೂಲ ವರ್ಣನೆ ಓದಲು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ. ಹೂಕರ್, ಕುಕ್ ಪುಸ್ತಕಗಳ ಪುಟಗಳನ್ನು ಅಲ್ಲಿ ಚಿತ್ರವಾಗಿಯೇ ನೋಡಬಹುದು. ಪುಟದ ಚಿತ್ರ ನೋಡಿ ಬರೆದುಕೊಳ್ಳಿ. ಕಂಪ್ಯೂಟರ್ ಓದಿಕೊಟ್ಟ ಪಠ್ಯದಲ್ಲಿ ಓರೆಯಕ್ಷರದ ‘ಸಿ’ ‘ಇ’ ಆಗಿರುತ್ತದೆ. ನೂರಾರು ಹೆಸರುಗಳನ್ನು ಒಮ್ಮೆಲೇ ಹೊಂದಿಸುವ ತಂತ್ರಾಂಶ ಬಳಸುವುದಾದರೆ ‘ಹತ್ತಿರದ ಹೆಸರು’ ಹುಡುಕುವ ಸೌಲಭ್ಯವನ್ನು ನಿಲ್ಲಿಸಿಡಿ, ಇಲ್ಲವೇ ಅದು ಕೊಟ್ಟ ಪ್ರತಿ ಸಾಲನ್ನೂ ಕಣ್ಣಾರೆ ನೋಡಿ.

ಎರಡು ಮೂಲಗಳು ಎರಡು ಉತ್ತರ ಕೊಡುವುದುಂಟು. 2022ರಲ್ಲಿ ಫಿಲಾಂಥಸ್ ಕುಲವನ್ನು ಒಡೆದು ಬೆಟ್ಟದ ನೆಲ್ಲಿಯನ್ನು ಮತ್ತೆ ಎಂಬ್ಲಿಕಾ ಕುಲಕ್ಕೆ ಕಳಿಸಬೇಕೆಂಬ ವರ್ಗೀಕರಣ ಬಂದಿದೆ. ಎಲ್ಲರೂ ಅದನ್ನು ಒಪ್ಪಿಲ್ಲ. ಒಂದು ಗ್ರಾಮದ ಜನತಾ ಜೀವವೈವಿಧ್ಯ ದಾಖಲಾತಿಗೆ, ಅಂದರೆ ಊರಿನ ಗಿಡ-ಪ್ರಾಣಿಗಳನ್ನು ಊರವರೇ ಬರೆದಿಡುವ ಪುಸ್ತಕಕ್ಕೆ, ಇಂಥ ಚರ್ಚೆ ಬಗೆಹರಿಸುವ ಹೊಣೆ ಇಲ್ಲ. ಇಡೀ ದಾಖಲಾತಿಗೆ ಒಂದೇ ಮೂಲ ಹಿಡಿಯಿರಿ, ನೋಡಿದ ತಾರೀಕನ್ನು ಮೊದಲ ಪುಟದಲ್ಲೇ ಬರೆಯಿರಿ. ಅರ್ಧ ಪಟ್ಟಿ ಒಂದರಿಂದ, ಅರ್ಧ ಇನ್ನೊಂದರಿಂದ ಆದರೆ ಒಂದೇ ಗಿಡ ಎರಡು ಕುಲದಲ್ಲಿ ಸೇರಿಕೊಳ್ಳುತ್ತದೆ.

ಕನ್ನಡ ಹೆಸರನ್ನು ಕೊನೆಗೆ ತುಂಬುವ ಕಾಲಂ ಎಂದು ನೋಡಬೇಡಿ. ಟಾಲ್ಬಟ್ ಕೊಟ್ಟ ಕನ್ನಡ ಹೆಸರುಗಳು ಎಷ್ಟೋ ಸಲ ಲ್ಯಾಟಿನ್ ಹೆಸರಿಗಿಂತ ನೆಚ್ಚಬಹುದಾದ ಸುಳಿವು. ‘ನಂದಿ’ ಎಂದಿದ್ದರೆ ಲೆಗರ್‌ಸ್ಟ್ರೋಮಿಯಾ ಲ್ಯಾನ್ಸಿಯೊಲಾಟಾ, ಇವತ್ತಿನ ಲೆಗರ್‌ಸ್ಟ್ರೋಮಿಯಾ ಮೈಕ್ರೊಕಾರ್ಪಾ ಎಂದು ಮಲೆನಾಡಿನವರು ತಕ್ಷಣ ಹೇಳುತ್ತಾರೆ. ಆದರೆ ಬಾಲ ಕತ್ತರಿಸಬಾರದು: ಮತ್ತಿ ಬೇರೆ, ಹೊಳೆಮತ್ತಿ ಬೇರೆ, ಹೊನ್ನೆ ಬೇರೆ, ಸುರಹೊನ್ನೆ ಬೇರೆ. ಹೆಸರು ಹೇಳಿದ ಊರನ್ನೂ ಜೊತೆಗೆ ಬರೆಯಿರಿ. ಶಿರಸಿಯಲ್ಲಿ ಒಂದು ಗಿಡಕ್ಕೆ ಹೇಳುವ ಹೆಸರನ್ನು ಚಾಮರಾಜನಗರದಲ್ಲಿ ಇನ್ನೊಂದಕ್ಕೆ ಹೇಳಬಹುದು.

ಕೊನೆಗೆ ಎಣಿಕೆ. ಹಳೆಯ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಇವತ್ತಿನ ಹೆಸರಿಗೆ ತಂದ ಮೇಲೆ ಒಂದೇ ಹೆಸರಿನ ಸಾಲುಗಳನ್ನು ಕೂಡಿಸಿ. ತೀರ್ಮಾನವಾಗದ ಸಾಲುಗಳನ್ನು ಎರಡೂ ಕಡೆ ಹೊರಗಿಟ್ಟು ಒಮ್ಮೆ, ಒಳಗಿಟ್ಟು ಒಮ್ಮೆ ಎಣಿಸಿ, ಎರಡು ಸಂಖ್ಯೆಯನ್ನೂ ಕೊಡಿ. ಹೊಸ ಪಟ್ಟಿಯಲ್ಲಿ ಮಾತ್ರ ಇರುವ ಹೆಸರುಗಳ ಮುಂದೆ ಆ ಪ್ರಭೇದವನ್ನು ಮೊದಲು ವರ್ಣಿಸಿದ ವರ್ಷ ಬರೆಯಿರಿ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಜೌಗಿನ ಮರ ಸೆಮೆಕಾರ್ಪಸ್ ಕತಲೆಕನೆನ್ಸಿಸ್ ಅನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು 2000ದಲ್ಲಿ. ಟಾಲ್ಬಟ್ ಪುಸ್ತಕದಲ್ಲಿ ಅದರ ಹೆಸರಿಲ್ಲ ಎಂದ ಮಾತ್ರಕ್ಕೆ ಆ ಕಾಲದಲ್ಲಿ ಮರವೇ ಇರಲಿಲ್ಲ ಎಂದಾಗದು. ರಾಮಪತ್ರೆ ಜಡ್ಡಿಗಳಿಂದ (ರಾಮಪತ್ರೆ ಮರಗಳ ಜೌಗು ನೆಲ) ಬಂದ, ‘ಸೆಮೆಕಾರ್ಪಸ್’ ಎಂದಷ್ಟೇ ಚೀಟಿಯಿರುವ ಹಳೆಯ ಹಾಳೆ ಯಾವ ಕಪಾಟಿನಲ್ಲಿ ಸಿಕ್ಕರೂ ಅದನ್ನು ಹೊರಗೆ ತೆಗೆಸಿ, ಎಲೆಯ ಅಳತೆ, ಕಾಯಿಯ ಆಕಾರ ಹಿಡಿದು ಇನ್ನೊಮ್ಮೆ ನೋಡಬೇಕು.